ಕಾರಣದ ಕಾಲಂ

ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್‌ಗೆ ಮೇಲಿನವರಿಂದ ಪತ್ರ ಬಂದಿತ್ತು. ಹಿಂದೆ ಹತ್ತು ಹೆರಿಗೆಯಾದರೆ ಎರಡು ಸಿಸೇರಿಯನ್ ಇರುತ್ತಿದ್ದವು, ಈಗ ಆರು. ಯಾಕೆ? ರಿಜಿಸ್ಟರ್ ನೋಡಿ ವರದಿ ಕೊಡಿ.

ಯಾಕಂತೆ ಯಾಕೆ! ರಿಜಿಸ್ಟರಿನ ಕಾರಣದ ಕಾಲಮ್ಮಿನಲ್ಲಿ ಎಲ್ಲರಿಗೂ ಒಂದೊಂದು ಕಾರಣ ಇದ್ದೇ ಇತ್ತು. ಮಗುವಿನ ಎದೆಬಡಿತ ಇಳಿದಿದೆ, ಮೊದಲನೆಯದೂ ಸಿಸೇರಿಯನ್, ತಾಯಿಗೆ ನೋವು ಬೇಡವಂತೆ. ಡಾಕ್ಟರಿಗೆ ಕೋರ್ಟಿನ ಭಯ, ಮನೆಯವರಿಗೆ ಅವಸರ ಅಂತ ಮಾತ್ರ ಯಾರೂ ಬರೆದಿರಲಿಲ್ಲ. "ಇನ್ನೆರಡು ಗಂಟೆ ಕಾಯೋ ತಾಳ್ಮೆ ಯಾರಿಗಿದೆ ಇಲ್ಲಿ?" ಅಂತ ಸಿಸ್ಟರ್ ಡಾಕ್ಟರಮ್ಮನ ಮುಖದ ಮೇಲೇ ಅಂದದ್ದುಂಟು. ಬಡಿತ ಇಳಿದರೆ ಮೊದಲು ಎಡಮಗ್ಗುಲಿಗೆ ಮಲಗಿಸಿ, ಬಡಿತ ಹಿಡಿಯಲು ಹೊಟ್ಟೆಗೆ ಕಟ್ಟಿದ ಬೆಲ್ಟು ಸರಿಮಾಡಿ, ಮತ್ತೆ ನೋಡಿ. ಮೂವತ್ತು ವರ್ಷ ಹೊಸ ನರ್ಸುಗಳಿಗೆ ಇದನ್ನೇ ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು.

ಆ ವಾರವೇ ಅವಳ ಮಗಳು ಹೆರಿಗೆಗೆ ಅದೇ ವಾರ್ಡಿಗೆ ಬಂದಳು.

"ಅಮ್ಮಾ, ಕುಯ್ಯೋಕೆ ಬಿಡಬೇಡ."

"ನಾನಿದ್ದೀನಲ್ಲೇ! ಅದ್ಯಾರು ಕುಯ್ತಾರೋ ನೋಡೇಬಿಡ್ತೀನಿ."

ಮಧ್ಯಾಹ್ನ ಮೂರಕ್ಕೆ ಮಗುವಿನ ಬಡಿತ ಅಳೆಯುವ ಯಂತ್ರದ ಟಕಟಕ ನಿಧಾನವಾಯಿತು. ನೂರನಲವತ್ತು, ನೂರು, ತೊಂಬತ್ತು. ಡಾಕ್ಟರಮ್ಮ ಇವಳ ಕಡೆ ತಿರುಗಿದರು. "ಸ್ವಲ್ಪ ಕಾದು ನೋಡಬಹುದು. ನೀವೇ ಹೇಳಿ ಸಿಸ್ಟರ್, ಏನ್ಮಾಡೋಣ?"

ಅವಳ ಕಣ್ಣು ಆ ತೊಂಬತ್ತರ ಮೇಲೇ ಇತ್ತು. "ಕುಯ್ದುಬಿಡಿ," ಅಂದಳು. ಮಗಳು ಅಮ್ಮನ ಮುಖವನ್ನೇ ನೋಡಿದಳು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು.

ಹೆಣ್ಣು ಮಗು. ಕೆಂಪಗೆ, ಸೂರು ಹಾರಿಹೋಗುವಂತೆ ಅತ್ತಿತು. ಅಜ್ಜಿಯೂ ಅತ್ತಳು. ಕಣ್ಣೊರೆಸಿಕೊಳ್ಳುವಾಗ ನೆನಪಾಯಿತು. ಅಯ್ಯೋ, ಎಡಮಗ್ಗುಲು! ಬೆಲ್ಟು! ಕೈಯನ್ನೇ ಹಚ್ಚಿರಲಿಲ್ಲವಲ್ಲ! ಮಗು ಚೆನ್ನಾಗಿರುವುದು ಕುಯ್ದಿದ್ದಕ್ಕೋ, ಕುಯ್ಯದಿದ್ದರೂ ಹೀಗೇ ಇರುತ್ತಿತ್ತೋ? ಬೆಲ್ಟು ಜಾರಿತ್ತೋ, ನಿಜವಾಗಿಯೂ ಬಡಿತ ಇಳಿದಿತ್ತೋ? ಈಗ ಯಾರನ್ನು ಕೇಳುವುದು? ಮೂವತ್ತು ವರ್ಷದ ಅನುಭವ ಆ ಗಳಿಗೆಯಲ್ಲಿ ಎಲ್ಲಿ ಹಾಳಾಗಿ ಹೋಗಿತ್ತು?

ಸಂಜೆ ಮಗಳು ಕೂಸನ್ನು ಎದೆಗಾನಿಸಿಕೊಂಡು ಕೇಳಿದಳು. "ಅಮ್ಮಾ, ನಿಜವಾಗ್ಲೂ ಬೇಕಿತ್ತಾ?"

"ಗೊತ್ತಿಲ್ಲ ಕಣೇ. ನಿನ್ನಾಣೆಗೂ ಗೊತ್ತಿಲ್ಲ."

ರಿಜಿಸ್ಟರ್ ಅವಳ ಮುಂದೆಯೇ ಬಂತು. ಎದೆಬಡಿತ ಅಂತ ಬರೆದುಕೊಳ್ಳಿ ಅಂದರು ಡಾಕ್ಟರಮ್ಮ. ಬರೆದಳು. ಪೆನ್ನಿನ ಮುಚ್ಚಳ ಹಾಕಿದವಳು ಮತ್ತೆ ತೆಗೆದಳು. ಅದೇ ಕಾಲಮ್ಮಿನಲ್ಲಿ, ಉಳಿದಿದ್ದ ಚೂರು ಜಾಗದಲ್ಲಿ, ಸಣ್ಣಕ್ಷರದಲ್ಲಿ ಸೇರಿಸಿದಳು: ಅಜ್ಜಿಗೆ ಭಯವಾಯಿತು.