ಕೊನೆಯ ಸಲ ಕದ್ದದ್ದೇನು?

ಮೊದಲ ಭೇಟಿಯಲ್ಲಿ ಜನ ಸಾಮಾನ್ಯವಾಗಿ ಊಟವಾಯಿತೇ ಎಂದೋ, ಮಕ್ಕಳೆಷ್ಟು ಎಂದೋ, ಸ್ವಲ್ಪ ಸಲಿಗೆ ಬೆಳೆದರೆ ಸಂಬಳವೆಷ್ಟು ಎಂದೋ ಕೇಳುತ್ತಾರೆ, ನಮ್ಮ ಬಡಾವಣೆಯ ಪ್ರೊಫೆಸರಮ್ಮ ಮಾತ್ರ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಎಳೆಗೂಸಿನ ಹೆಸರು ಕೇಳುವಷ್ಟು ಅಕ್ಕರೆಯಿಂದ, "ನೀವು ಕೊನೇ ಸಲ ಏನು ಕದ್ರಿ?" ಎಂದು ಕೇಳುತ್ತಾರೆ. ಹಲ್ಲಿನ ಡಾಕ್ಟರನ್ನು ಕೇಳುವುದಕ್ಕೋಸ್ಕರ ಬಾಯೊಳಗೆ ತುರುಕಿದ್ದ ಹತ್ತಿಯನ್ನು ತಾವೇ ಹೊರತೆಗೆದಿದ್ದರಂತೆ. ಡಾಕ್ಟರು ಎರಡು ಪಟ್ಟು ಹತ್ತಿ ತುರುಕಿದರಂತೆ. ನನ್ನನ್ನು ಕೇಳಿದಾಗ ನಾನು ಸಾಹಿತಿಗೆ ಒಪ್ಪುವ ಗಾಂಭೀರ್ಯದಿಂದ ಆಕಾಶ ನೋಡುತ್ತಿದ್ದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ, "ಇವರು ಕದಿಯೋದು ಜೋಕು ಮಾತ್ರ ಮೇಡಂ. ವಾರವಾರ ಪೇಪರಿನಲ್ಲಿ ಅಚ್ಚಾಗತ್ತಲ್ಲ" ಎಂದು ನನ್ನ ಪರವಾಗಿ ಹೇಳಿಕೆ ಕೊಟ್ಟುಬಿಟ್ಟಳು.

ಅಪರಾಧದ ಸಾಮಾಜಿಕ ಮತ್ತು ಸಾಂಸ್ಕೃತಿಕ ಕಾರಣಗಳು ಅವರ ಅಧ್ಯಯನದ ವಿಷಯ. ಹಾಗೆಂದು ಕೇಳಿ, ಕೊಲೆಗಡುಕರ ರೋಮಾಂಚಕ ವೃತ್ತಾಂತಗಳನ್ನು ನಿರೀಕ್ಷಿಸಿ ಅವರ ಮನೆಗೆ ಬಂದವರು, ಬೀದಿದೀಪಗಳ ಬಗ್ಗೆ, ಶಾಲೆ ಬಿಟ್ಟ ಹುಡುಗಿಯರ ಬಗ್ಗೆ, ಒಂದು ಕಾರ್ಖಾನೆಯಲ್ಲಿ 'ಎಲ್ಲರೂ ಮಾಡ್ತಾರೆ' ಎಂಬ ಮಾತು ಬಾಯಿಂದ ಬಾಯಿಗೆ ಹೇಗೆ ದಾಟುತ್ತದೆ ಎಂಬುದರ ಬಗ್ಗೆ ಸುದೀರ್ಘ ವಿವರಣೆ ಕೇಳಿ, ಆಕಳಿಕೆಯನ್ನು ಅಂಗೈಯಲ್ಲಿ ಅಡಗಿಸಿಕೊಂಡು ಎದ್ದು ಹೋಗುತ್ತಿದ್ದರು. ಬಡಾವಣೆಯ ಮಕ್ಕಳು ಅವರಿಗಿಟ್ಟ ಹೆಸರು 'ಕಳ್ಳರ ಮೇಡಂ'. ಅದನ್ನು ಕೇಳಿ ಅವರು ಬಿರುದು ಸಿಕ್ಕವರಂತೆ ಹಿಗ್ಗುತ್ತಿದ್ದರು. "ಕಳ್ಳರ ಮೇಡಂ ಅಂದ್ರೆ ಎಲ್ಲರ ಮೇಡಂ ಅಂತ ಲೆಕ್ಕ" ಎನ್ನುತ್ತಿದ್ದರು.

ನ್ಯಾಯ ಹೇಳಬೇಕೆಂದರೆ, ಈ ಪ್ರಶ್ನೆಗೆ ಮೊದಲು ಅವರೇ ಉತ್ತರ ಕೊಡುತ್ತಿದ್ದರು. ಅದು ಅವರ ನಿಯಮ. ಕೊಡುವುದು ಕಷ್ಟವೂ ಆಗಿರಲಿಲ್ಲ. ಬೇಸಗೆ ಚಳಿಗಾಲಗಳೆಂಬ ಭೇದವಿಲ್ಲದೆ ತೊಡುತ್ತಿದ್ದ ಬೂದುಬಣ್ಣದ ಕೋಟಿನ ಬಲಜೇಬಿನಲ್ಲಿ ಅಂಚೆಕಚೇರಿಯ, ಔಷಧದಂಗಡಿಯ, ಸಹೋದ್ಯೋಗಿಗಳ, ಪಿಎಚ್.ಡಿ. ವಿದ್ಯಾರ್ಥಿಗಳ ಪೆನ್ನುಗಳೆಲ್ಲ ಸೌಹಾರ್ದದಿಂದ ಸಹಬಾಳ್ವೆ ನಡೆಸುತ್ತಿದ್ದವು. ಆ ಭಾರಕ್ಕೆ ಕೋಟು ಬಲಕ್ಕೆ ಜೋತು, ಕೋಟಿನೊಂದಿಗೆ ಅವರೂ ಬಲಕ್ಕೆ ವಾಲಿ, ದಡದಿಂದ ಆಗತಾನೆ ಬಿಡಿಸಿದ ದೋಣಿಯಂತೆ ತುಸು ತೂಗುತ್ತ ನಡೆಯುತ್ತಿದ್ದರು. ಪೆನ್ನು ಕಳೆದುಕೊಂಡವರು ಬಂದು ಕೇಳಿದರೆ ಜೇಬನ್ನೇ ಮುಂದೆ ಚಾಚಿ, "ನಿಮ್ಮದು ಯಾವುದೋ ಆರಿಸ್ಕೊಳ್ಳಿ" ಎನ್ನುತ್ತಿದ್ದರು.

ಅದೇ ಮನೆಯ ಮಹಡಿಯಲ್ಲಿ ಅವರ ಅಣ್ಣ ಇದ್ದರು. ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದವರು. ಸೂರ್ಯ ಹುಟ್ಟುವುದಕ್ಕೂ ತಮ್ಮ ಬೂಟಿನ ಹೊಳಪಿಗೂ ಏನೋ ಒಪ್ಪಂದವಿದೆಯೆಂಬಂತೆ ಬೆಳಿಗ್ಗೆ ಬೆಳಿಗ್ಗೆಯೇ ಬೂಟು ಉಜ್ಜುವವರು. ನಮ್ಮ ಬಡಾವಣೆಯ ಸಂಘಕ್ಕೆ ಅನಿವಾರ್ಯ ಅಧ್ಯಕ್ಷರು. ಬ್ಯಾಂಕಿನಲ್ಲಿದ್ದಷ್ಟು ಕಾಲವೂ ಎರಡು ಪೆನ್ನು ಇಟ್ಟುಕೊಂಡಿದ್ದು, ಒಂದು ಸ್ವಂತದ್ದು, ಇನ್ನೊಂದು ಬ್ಯಾಂಕಿನದ್ದು, ಬ್ಯಾಂಕಿನ ಪೆನ್ನಿನಲ್ಲಿ ಮನೆಯ ಒಂದು ಅಕ್ಷರವನ್ನೂ ಬರೆಯಲಿಲ್ಲವೆಂಬ ಸಂಗತಿ ಬಡಾವಣೆಯಲ್ಲಿ ಗೊತ್ತಿಲ್ಲದವರಿರಲಿಲ್ಲ, ಏಕೆಂದರೆ ತಿಳಿಯದೆ ಉಳಿಯಲು ಅವರು ಯಾರಿಗೂ ಅವಕಾಶ ಕೊಟ್ಟಿರಲಿಲ್ಲ. ತಲೆ ಪೂರ್ತಿ ನರೆತ ತಂಗಿಯನ್ನು ಈಗಲೂ 'ಪುಟ್ಟಿ' ಎಂದೇ ಕರೆಯುತ್ತಿದ್ದರು.

"ಪುಟ್ಟೀ, ನನ್ನ ಪೆನ್ನು!"

"ಯಾವುದಣ್ಣ?"

"ನೀಲಿದು ಕಣೆ."

"ಅದಿರಲಿ, ಯಾಕೆ?"

"ಬರೆಯೋಕೆ! ಇನ್ನೇನು ಬೆನ್ನು ಕೆರ್ಕೊಳ್ಳೋಕಾ?"

'ಅದಿರಲಿ, ಯಾಕೆ?' ಎಂಬುದು ಪ್ರೊಫೆಸರಮ್ಮನ ನಾಲಿಗೆಯ ಮೇಲೆ ಬಾಡಿಗೆಯಿಲ್ಲದೆ ನೆಲೆಸಿದ್ದ ಮಾತು. ಯಾರು ಕದ್ದರು, ಎಷ್ಟು ಕದ್ದರು ಎಂದು ಲೋಕ ಕೂಗಾಡುವಾಗ ಅವರು ಒಂದು ಮೂಲೆಯಲ್ಲಿ ನಿಂತು ಇದೊಂದನ್ನೇ ಕೇಳುತ್ತಿದ್ದರು. ಜೈಲಿನ ಹೊಲಿಗೆಕೋಣೆಯಲ್ಲಿ, ಸಿದ್ಧ ಉಡುಪಿನ ಕಾರ್ಖಾನೆಯಿಂದ ಬಟ್ಟೆ ಕದ್ದು ಸಿಕ್ಕಿಬಿದ್ದಿದ್ದ ಹೆಂಗಸೊಬ್ಬಳನ್ನು ಹಾಗೆಯೇ ಕೇಳಿದರಂತೆ. ಆಕೆ ಯಂತ್ರ ನಿಲ್ಲಿಸಿ, "ಎಲ್ರೂ ಎಷ್ಟು ಅಂತ ಕೇಳಿದ್ರಮ್ಮ, ಯಾಕೆ ಅಂತ ಯಾರೂ ಕೇಳಿರ್ಲಿಲ್ಲ. ನಂಗೂ ಗೊತ್ತಿಲ್ಲ. ಯೋಚನೆ ಮಾಡಿ ಹೇಳ್ತೀನಿ, ಇನ್ನೊಂದ್ಸಲ ಬನ್ನಿ" ಎಂದಳಂತೆ. ಪ್ರೊಫೆಸರಮ್ಮ ಇನ್ನೊಂದು ಸಲ ಹೋದರು, ಮತ್ತೂ ಹೋದರು, ಕೊನೆಗೆ ಸಂಶೋಧನೆ ಮುಗಿದ ಮೇಲೂ ಹೋಗುವುದನ್ನು ಬಿಡಲಿಲ್ಲ. ಆ ಕಾರ್ಖಾನೆಯಲ್ಲಿ ಮಿಕ್ಕ ತುಂಡುಬಟ್ಟೆಯನ್ನು ಮನೆಗೊಯ್ಯುವುದು ಹಳೆಯ ರೂಢಿ. ಅದನ್ನು ಅಲ್ಲಿ 'ಚೂರು' ಎನ್ನುತ್ತಿದ್ದರು. ಕತ್ತರಿಸುವವನ ಚೂರು ಕರವಸ್ತ್ರದಷ್ಟಿದ್ದರೆ ಮೇಸ್ತ್ರಿಯ ಚೂರು ಅಂಗಿಯಷ್ಟಿರುತ್ತಿತ್ತು, ಮೇಲಿನವರ ಚೂರು ಗಾಡಿಯಲ್ಲಿ ಹೋಗುತ್ತಿತ್ತು. ಹೊಸದಾಗಿ ಸೇರಿದ್ದ ಈಕೆಗೆ ಚೂರಿನ ಅಳತೆ ಹುದ್ದೆಯ ಅಳತೆಯೆಂಬುದು ತಿಳಿಯದೆ, ಬಂದ ವರ್ಷವೇ ದಿನವೂ ಮೇಸ್ತ್ರಿಯಷ್ಟು ಒಯ್ದಳು. ಹಾಗೆಂದು ಅವಳು ಮಾಡಿದ್ದು ಸರಿಯೆಂದು ಪ್ರೊಫೆಸರಮ್ಮ ಎಂದೂ ವಾದಿಸಲಿಲ್ಲ. "ತಪ್ಪು ಅವಳದೇ. ಆದ್ರೆ ಅವಳೊಬ್ಬಳದೇ ಅಲ್ಲ" ಎನ್ನುತ್ತಿದ್ದರು.

ಆ ಹೆಂಗಸಿಗೆ ಅವಧಿಗೆ ಮೊದಲೇ ಬಿಡುಗಡೆಯಾಗುವ ಯೋಗ ಬಂತು. ಆದರೆ ಹೊರಗೆ ಇರಲು ಜೈಲಿನವರಿಗೆ ಒಪ್ಪಿಗೆಯಾದ ಒಂದು ವಿಳಾಸ ಬೇಕಿತ್ತು. ಗಂಡ ಬಿಟ್ಟು ಹೋಗಿದ್ದ, ಮಗಳನ್ನು ಸಾಕುತ್ತಿದ್ದ ಅಕ್ಕನ ಮನೆಯಲ್ಲಿ ಇನ್ನೊಂದು ಚಾಪೆಗೆ ಜಾಗವಿರಲಿಲ್ಲ. ನಮ್ಮ ರಸ್ತೆಯ ಕೊನೆಯಲ್ಲಿ ಖಾಲಿ ಬಿದ್ದಿದ್ದ ಮನೆಯನ್ನು ಒಂದು ಸಂಸ್ಥೆಯವರು ಬಾಡಿಗೆಗೆ ಹಿಡಿದು, ಜೈಲಿನಿಂದ ಬರುವ ಹೆಂಗಸರಿಗೆ ವಸತಿಯನ್ನೂ ಹೊಲಿಗೆಯ ಕೆಲಸವನ್ನೂ ಒದಗಿಸಲು ಮುಂದೆ ಬಂದರು. ಬಡಾವಣೆಯ ಸಂಘ ತನ್ನ ಅಭ್ಯಂತರವಿಲ್ಲ ಎಂದರೆ ಆಕೆ ಹೊರಗೆ, ಮಗಳ ಹತ್ತಿರ. ಇಲ್ಲವಾದರೆ ಇನ್ನೂ ವರ್ಷಗಟ್ಟಲೆ ಒಳಗೆ. ಎಲ್ಲವೂ ಸಂಘದ ಒಂದು ಮಾತಿನ ಮೇಲೆ ನಿಂತಿತು. ಸಂಘವೋ, ರಸ್ತೆಯುಬ್ಬು ಎಲ್ಲಿ ಬರಬೇಕೆಂಬುದನ್ನೇ ಇನ್ನೂ ತೀರ್ಮಾನಿಸಿರಲಿಲ್ಲ.

"ನಿನ್ನ ಸಂಶೋಧನೆ ಜೈಲಲ್ಲಿರ್ಲಿ ಪುಟ್ಟಿ, ನಮ್ಮ ರಸ್ತೆಗೆ ತರಬೇಡ" ಎಂದರು ಅಣ್ಣ.

"ಸಂಶೋಧನೆ ಮುಗೀತಣ್ಣ. ಇದು ಬಾಡಿಗೆ ಮನೆ ವಿಷಯ."

"ನಾಳೆ ಏನಾದ್ರೂ ಕಳುವಾದ್ರೆ ಯಾರು ಜವಾಬ್ದಾರಿ?"

"ಇವತ್ತು ಕಳುವಾದ್ರೆ ಯಾರೋ, ಅವರೇ."

ಸಭೆಯ ದಿನ ಗ್ರಂಥಾಲಯದ ಮೇಲಿನ ಕೋಣೆ ಕಿಕ್ಕಿರಿದಿತ್ತು. ಎಂದೂ ಬಾರದವರು, ಬಂದರೂ ಮೊಬೈಲಿನಿಂದ ಕಣ್ಣೆತ್ತದವರು, ಅಂದು ಸಮಾಜದ ಭವಿಷ್ಯವನ್ನು ತಮ್ಮ ಹೆಗಲೇ ಹೊರಬೇಕೆಂಬ ಧೀರಮುದ್ರೆಯಲ್ಲಿ ಮುಂದಿನ ಕುರ್ಚಿಗಳನ್ನು ಹಿಡಿದಿದ್ದರು. ನಿವೇಶನಗಳ ಬೆಲೆ ಬಿದ್ದುಹೋಗುತ್ತದೆಂದು ಒಬ್ಬರು, ಬೆಕ್ಕನ್ನು ಹೊರಗೆ ಬಿಡುವಂತಿಲ್ಲವೆಂದು ಇನ್ನೊಬ್ಬರು ಕಳವಳಪಟ್ಟರು. ಪ್ರೊಫೆಸರಮ್ಮ ಎದ್ದು ನಿಂತು ಚೂರಿನ ಕಥೆ ಹೇಳತೊಡಗಿದರೆ, ಗುತ್ತಿಗೆದಾರರೊಬ್ಬರು ನಡುವೆ ಬಾಯಿ ಹಾಕಿ, "ಮೇಡಂ, ನಿಮ್ಮ ಲೆಕ್ಕದಲ್ಲಿ ಎಲ್ರೂ ಕಳ್ಳರೇ. ಇಲ್ಲಿ ಕೂತಿದಾರಲ್ಲ, ನಿಮ್ಮಣ್ಣನವರು, ಜೀವಮಾನದಲ್ಲಿ ಒಂದು ಗುಂಡುಪಿನ್ನು ಮುಟ್ಟಿದವರಲ್ಲ. ಅವರ ಮುಖ ನೋಡಿ ಹೇಳಿ ನೋಡೋಣ!" ಎಂದು ಸವಾಲು ಹಾಕಿದರು.

ಇಲ್ಲೊಂದು ಹಿಂದಿನ ಮಾತು ಹೇಳಬೇಕು. ತಮ್ಮ ಪ್ರಶ್ನೆಗೆ ಬದುಕಿನಲ್ಲಿ ಸಿಕ್ಕ ಮೊಟ್ಟಮೊದಲ ಉತ್ತರ, ತಾವಿನ್ನೂ ಲಂಗ ತೊಡುತ್ತಿದ್ದ ಕಾಲದಲ್ಲಿ, ಮನೆಯ ಮೆಟ್ಟಿಲ ಕೆಳಗೆ ಬಿಕ್ಕಿ ಬಿಕ್ಕಿ ಅಳುತ್ತ ಒಬ್ಬರು ಕಿವಿಯಲ್ಲಿ ಉಸುರಿದ್ದೆಂದು ಪ್ರೊಫೆಸರಮ್ಮ ನನಗೊಮ್ಮೆ ಹೇಳಿದ್ದರು. ಯಾರೆಂದು ಕೇಳಿದ್ದಕ್ಕೆ, "ನನ್ನ ಹತ್ರ ಬಂದ ಮಾತು ನನ್ನ ಹತ್ರವೇ. ಅಷ್ಟಿಲ್ದೆ ಇದ್ರೆ ಈ ಕಸುಬಿಗೇ ಬರಬಾರದು" ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಈಗ ಸಭೆಯ ಕಣ್ಣೆಲ್ಲ ಅವರ ಮೇಲಿತ್ತು. ಅಧ್ಯಕ್ಷರು ನೀರಿನ ಲೋಟವನ್ನು ಸುಮ್ಮನೆ ಎತ್ತಿ, ಎತ್ತಿದ ಜಾಗದಲ್ಲೇ ಇಟ್ಟರು. ಒಂದೇ ಒಂದು ವಾಕ್ಯ ಸಾಕಿತ್ತು. ಸಭೆ ಅಲ್ಲಿಗೇ ತಂಗಿಯ ಕಡೆ ವಾಲುತ್ತಿತ್ತು. ಪ್ರೊಫೆಸರಮ್ಮ ಅಣ್ಣನ ಮುಖ ನೋಡಿದರು, ಕನ್ನಡಕ ಒರೆಸಿಕೊಂಡರು, "ಯಾರ ಮುಖವನ್ನೂ ನೋಡೋದು ಬೇಡ. ಎಲ್ರೂ ಒಂದೊಂದು ನಾಣ್ಯ ತಗೊಳ್ಳಿ" ಎಂದರು.

ಜನ ಹೇಳಲಂಜುವ ಸಂಗತಿಗಳನ್ನು ಅಳೆಯಲು ಅವರ ಶಾಸ್ತ್ರದಲ್ಲಿ ಒಂದು ಉಪಾಯವಿದೆ. ಪ್ರತಿಯೊಬ್ಬರೂ ಯಾರಿಗೂ ಕಾಣದಂತೆ ನಾಣ್ಯ ಚಿಮ್ಮಬೇಕು. ಚಿತ್ರದ ಕಡೆ ಬಿದ್ದರೆ, ಕದ್ದಿರಲಿ ಬಿಡಲಿ, ಕೈ ಎತ್ತಲೇಬೇಕು. ಅಂಕೆಯ ಕಡೆ ಬಿದ್ದರೆ, ತನ್ನದಲ್ಲದ್ದನ್ನು ತಿಳಿದೂ ತೆಗೆದುಕೊಂಡವರು ಮಾತ್ರ ಎತ್ತಬೇಕು. ಎತ್ತಿದ ಕೈ ಯಾವುದರಿಂದ ಎದ್ದಿತೆಂದು ದೇವರಿಗೂ ತಿಳಿಯದಾದ್ದರಿಂದ ಯಾರ ಮಾನಕ್ಕೂ ಕುಂದಿಲ್ಲ. "ನಾವೆಲ್ಲ ಸಾಚಾ ಆಗಿದ್ರೆ ಸುಮಾರು ಅರ್ಧದಷ್ಟು ಕೈ ಏಳಬೇಕು. ನೋಡೋಣ."

ಮಡಿಲಲ್ಲಿ, ಟೋಪಿಯಡಿಯಲ್ಲಿ, ಸೆರಗಿನ ಮರೆಯಲ್ಲಿ ನಾಣ್ಯಗಳು ಚಿಮ್ಮಿದವು. ಒಂದು ಕ್ಷಣ ಎಲ್ಲರೂ ಪಕ್ಕದವರತ್ತ ಕಳ್ಳನೋಟ ಬೀರಿದರು. ಆಮೇಲೆ, ನಾಳೆ ಯಾರಿಗೆ ರಜೆ ಬೇಕೆಂದು ಮೇಷ್ಟ್ರು ಕೇಳಿದ ತರಗತಿಯಂತೆ, ಕೋಣೆಯ ತುಂಬ ಕೈಗಳೆದ್ದವು. ಬೆಕ್ಕಿನ ಕಳವಳದವರದೂ ಎದ್ದಿತು, ನನ್ನದೂ, ನನ್ನ ಹೆಂಡತಿಯದೂ. ಏಳದ ಕೆಲವೇ ಕೈಗಳ ಒಡೆಯರಲ್ಲಿ ಒಬ್ಬರು ಗೊರಕೆ ಹೊಡೆಯುತ್ತಿದ್ದರು. ಯಾರೋ ಕಿಸಕ್ಕೆಂದರು; ನಗು ಹಿಂದಿನ ಸಾಲಿಂದ ಮುಂದಿನ ಸಾಲಿಗೆ ಉರುಳಿಬಂತು.

"ಅಧ್ಯಕ್ಷರದ್ದು ಆಗಿಲ್ಲ!" ಎಂದರು ಗುತ್ತಿಗೆದಾರರು, ತಮ್ಮ ಎತ್ತಿದ ಕೈಯನ್ನು ಇಳಿಸುವುದನ್ನೂ ಮರೆತು.

"ಅಧ್ಯಕ್ಷನಾದವನಿಗೆ ಮುಚ್ಚುಮರೆ ಇಲ್ಲ" ಎಂದು ಅಣ್ಣ ಎದ್ದು ನಿಂತರು. ಉಪಾಯದ ಜೀವವೆಲ್ಲ ಮುಚ್ಚುಮರೆಯಲ್ಲೇ ಇದೆಯೆಂಬುದನ್ನು, ಪಾರದರ್ಶಕತೆಯಲ್ಲಿ ಪಳಗಿದ ಆ ಜೀವ ಲಕ್ಷಿಸಲಿಲ್ಲ. ಎಲ್ಲರಿಗೂ ಕಾಣುವಂತೆ ನಾಣ್ಯವನ್ನು ಮೇಜಿನ ಮೇಲೆ ಚಿಮ್ಮಿದರು. ಅದು ಬುಗುರಿಯಂತೆ ತಿರುಗಿ ತಿರುಗಿ, ಮುಂದಿನ ಸಾಲಿನ ಕಣ್ಣೆದುರಿಗೇ ಅಂಕೆ ಮೇಲಾಗಿ ಮಲಗಿತು.

ಇನ್ನು ಮರೆಯಿಲ್ಲ. ಕೈ ಎತ್ತಿದರೆ ಒಪ್ಪಿಗೆ, ಎತ್ತದಿದ್ದರೆ ಸುಳ್ಳು. ಸುಳ್ಳೆಂದು ತಿಳಿದವರು ಆ ಕೋಣೆಯಲ್ಲಿ ಇಬ್ಬರೇ.

ಪ್ರೊಫೆಸರಮ್ಮ ತೂಗುತ್ತ ಓಡಿಬಂದು ನಾಣ್ಯದ ಮೇಲೆ ಅಂಗೈಯಿಟ್ಟರು. "ಅಣ್ಣ, ಅಧ್ಯಕ್ಷರು ಎಣಿಸಬೇಕು, ಆಡಬಾರದು. ಇದು ಲೆಕ್ಕಕ್ಕಿಲ್ಲ. ಕೂತ್ಕೋ."

ಅಣ್ಣ ತಂಗಿಯ ಆ ಮುದಿ ಅಂಗೈಯನ್ನು ಬಹಳ ಹೊತ್ತು ನೋಡಿದರು. "ಲೆಕ್ಕಕ್ಕಿದೆ ಪುಟ್ಟಿ" ಎಂದರು. ಆಮೇಲೆ ಅವರ ಕೈ, ಇಸ್ತ್ರಿಯ ಗೆರೆ ಮುರಿಯದ ತೋಳಿನೊಂದಿಗೆ, ಮೆಲ್ಲಗೆ ಮೇಲೆದ್ದಿತು.

ಯಾರೂ ನಗಲಿಲ್ಲ. ನಿರ್ಣಯ ಸರ್ವಾನುಮತದಿಂದೇನೂ ಪಾಸಾಗಲಿಲ್ಲ. ಬೆಲೆಯ ಚಿಂತೆಯವರು ಕೊನೆಯವರೆಗೂ ಬೆಲೆಯನ್ನೇ ಚಿಂತಿಸಿದರು. ಆದರೆ ಅಭ್ಯಂತರವಿಲ್ಲವೆಂಬ ಕೈಗಳೇ ಹೆಚ್ಚಾದವು, ಮೊದಲನೆಯದು ಗುತ್ತಿಗೆದಾರರದು. ಮುಂದಿನ ತಿಂಗಳು ರಸ್ತೆಯ ಕೊನೆಯ ಮನೆಯ ಕಿಟಕಿಗಳು ತೆರೆದವು. ಹೊಲಿಗೆಯಂತ್ರದ ಸದ್ದಿನ ಪಕ್ಕದಲ್ಲಿ ಒಂದು ಹುಡುಗಿ ಗಟ್ಟಿಯಾಗಿ ಪಾಠ ಓದುವುದು ಕೇಳಿಸತೊಡಗಿತು. ಹುಡುಗಿಯ ತಾಯಿಗೆ ಸಿಕ್ಕ ಮೊದಲ ಗಿರಾಕಿ ಪ್ರೊಫೆಸರಮ್ಮನ ಬೂದುಕೋಟು. ಜೇಬಿನ ಹೊಲಿಗೆ ಬಿಚ್ಚಿತ್ತು. "ಇದಕ್ಕೆ ಕ್ಯಾನ್ವಾಸೇ ಹಾಕ್ಬೇಕಮ್ಮ, ನಿಮ್ಮ ಚೂರು ಜಾಸ್ತಿಯಾಗಿದೆ" ಎಂದಳಂತೆ.

ಅಣ್ಣ ಏನು ಕದ್ದಿದ್ದರೆಂದು ನನಗೆ ಇಂದಿಗೂ ಗೊತ್ತಿಲ್ಲ. ಕೆದಕಲೆಂದೇ ಮೊನ್ನೆ ಗೇಟಿನ ಬಳಿ ಪ್ರೊಫೆಸರಮ್ಮನದೇ ಪ್ರಶ್ನೆಯನ್ನು ಅವರಿಗೆ ಎಸೆದೆ: "ಕೊನೇ ಸಲ ಏನು ಕದ್ರಿ ಮೇಡಂ?" ಅವರು ಹೊಸ ಜೇಬಿಗೆ ಕೈ ಇಳಿಬಿಟ್ಟು, ಪೆನ್ನುಗಳ ನಡುವೆ ತಡಕಿ, ಒಂದು ನಾಣ್ಯ ತೆಗೆದು ತೋರಿಸಿದರು. "ಅಣ್ಣನದು. ಮೇಜಿನ ಮೇಲಿಂದ. ಕೇಳಿದ್ರೂ ಕೊಡಲ್ಲ."

ನಮ್ಮ ನಡುವೆ ತೀರ್ಪು ಕೊಡುವವರಿಗೆ ಬರವಿಲ್ಲ. ಅವರು ತೀರ್ಪಿನ ಮರುಕ್ಷಣ ಊಟಕ್ಕೆ ಏಳುತ್ತಾರೆ. ಕಾರಣ ಕೇಳುವವರು ಬೇರೆ ಜಾತಿಯ ಜನ: ಅವರು ಊಟ ಆರುವ ತನಕ ಕೂತಿರುತ್ತಾರೆ, ಹಲ್ಲಿನ ಡಾಕ್ಟರಿಂದ ಹತ್ತಿ ತುರುಕಿಸಿಕೊಳ್ಳುತ್ತಾರೆ, ಕಂಡಕಂಡವರ ಪೆನ್ನು ಜೇಬಿಗಿಳಿಸುತ್ತಾರೆ, ಎಲ್ಲರಿಗೂ ತುಸು ತಲೆನೋವಾಗಿರುತ್ತಾರೆ. ಆದರೆ ನಾವು ಎಂದಾದರೂ ಕೈ ಎತ್ತಬೇಕಾಗಿ ಬಂದ ದಿನ, ನಮ್ಮ ನಾಣ್ಯದ ಮೇಲೆ ಓಡಿಬಂದು ಅಂಗೈಯಿಡುವವರೂ ಅವರೇ; ಆ ಅಂಗೈಯ ನೆರಳು ಬಿದ್ದಾಗಲಷ್ಟೆ ಮನುಷ್ಯನಿಗೆ ನಿಜ ಹೇಳುವ ಧೈರ್ಯ ಬರುತ್ತದೆ.