ಲಿಯೋಟಾಳ ಗೋಡೆ

"ಒಂದಲ್ಲ ಒಂದಿನ ನಾವಿಬ್ರೂ ದೋಣೀಲಿ ಕೂತ್ಕೊಂಡೇ ಈ ಲಾಕು ದಾಟೋಣ" ಎಂದು ಡೆಲ್ಬರ್ಟ್ ಹೆಂಡತಿ ಲಿಯೋಟಾಳಿಗೆ ಮಾತು ಕೊಟ್ಟದ್ದು ಮದುವೆಯಾದ ವರ್ಷ. ಈಗ ಅವಳ ಶವಪೆಟ್ಟಿಗೆಯನ್ನು ದೋಣಿಗೆ ಇಳಿಸುತ್ತಿದ್ದವರಿಗೆ "ನಿಧಾನ, ನಿಧಾನ" ಎನ್ನುತ್ತ, ಮಗಳ ಭುಜ ಹಿಡಿದು ತಾನೂ ಹತ್ತಿ ಕೂತ.

"ಸೇತುವೆ ಮೇಲೆ ಹೋಗಿದ್ರೆ ಇಷ್ಟೊತ್ತಿಗೆ ಚರ್ಚಲ್ಲಿರ್ತಿದ್ವಿ, ಅಪ್ಪಾ," ಎಂದಳು ಮಗಳು ನಡೀನ್.

"ಅವಳಿಗೇನು ಅವಸರ?"

ದೋಣಿ ನಡೆಸುತ್ತಿದ್ದ ಆರಿನ್ ಮುಖ ತಿರುಗಿಸಿ ನಕ್ಕ. ಮಸ್ಕಿಂಗಮ್ ನದಿಯ ಹಳೆಯ ಅಣೆಕಟ್ಟು ಎದುರಿಗೆ ಸುರಿಯುತ್ತಿತ್ತು. ಅದರ ಪಕ್ಕದಲ್ಲಿ, ದೋಣಿಗಳನ್ನು ಅಣೆಕಟ್ಟಿನ ಮೇಲಕ್ಕೆ ದಾಟಿಸುವ ಲಾಕಿನ ಕಲ್ಲುತೊಟ್ಟಿಯೊಳಗೆ ದೋಣಿ ಮೆಲ್ಲಗೆ ನುಗ್ಗಿತು. ಹಿಂದಿನ ಬಾಗಿಲು ಮುಚ್ಚಿ ನೀರು ತುಂಬಿಸಿದರೆ ದೋಣಿ ಮೇಲಕ್ಕೇಳುತ್ತದೆ. ಮುಂದಿನ ಬಾಗಿಲು ತೆರೆದರೆ ಆಚೆ ಚರ್ಚಿನ ಗುಡ್ಡ.

* * *

ಒಂದೊಂದು ಬಾಗಿಲಿಗೂ ಎರಡು ರೆಕ್ಕೆ, ಎರಡೂ ಗೋಡೆಗಳ ಮೇಲೆ ಒಬ್ಬೊಬ್ಬರು ನಿಂತು, ಗಾಣದೆತ್ತಿನ ಹಾಗೆ ಸುತ್ತುತ್ತ ಕಬ್ಬಿಣದ ಹಿಡಿ ದೂಡಬೇಕು. ಲಾಕು ನಡೆಸುತ್ತಿದ್ದವರು ಗಂಡಹೆಂಡತಿ ಇಬ್ಬರೇ: ದಡದ ಗೋಡೆ ಡೆಲ್ಬರ್ಟನದು, ಹೊಳೆಯ ಕಡೆಯದು ಲಿಯೋಟಾಳದು. ಅವರ ಸಂಸಾರದ ಮಾತೆಲ್ಲ ನೀರಿನ ಮೇಲೇ. ಉಪ್ಪು ತೀರಿದ್ದೂ ನಡೀನ್ ಹೊಟ್ಟೆಯಲ್ಲಿದ್ದದ್ದೂ ಅವನಿಗೆ ತಿಳಿದದ್ದು ಕೂಗಿನಿಂದಲೇ. ದೋಣಿಯವರೂ ಜೊತೆಗೇ ಕೇಳಿಸಿಕೊಂಡಿದ್ದರು.

ಮದುವೆಯಾದ ವರ್ಷದ ಒಂದು ಬೇಸಿಗೆಯ ಸಂಜೆ, ಬ್ಯಾಂಡು ಬಾರಿಸುತ್ತ ಬಂದ ಸ್ಟೀಮರಿನಲ್ಲಿ ಜನ ಕುಣಿಯುತ್ತಿದ್ದಾಗ, ಅವನು ದೋಣಿಯ ಆ ಮಾತು ಕೂಗಿದ್ದ.

"ಮತ್ತೆ ಬಾಗಿಲು ತೆಗೆಯೋದ್ಯಾರು, ನಿಮ್ಮಜ್ಜೀನಾ?" ಎಂದಿದ್ದಳು ಆಚೆಯಿಂದ. ಇಡೀ ಸ್ಟೀಮರು ನಕ್ಕಿತ್ತು.

* * *

ಈಗ ಹಿಂದಿನ ಬಾಗಿಲಿನ ದಡದ ಕಡೆಯ ರೆಕ್ಕೆ ಮುಚ್ಚಿತು. ಆಚೆಯದು ಹಾಗೇ ತೆರೆದಿತ್ತು. ಕಪ್ಪು ಬಟ್ಟೆಯ ಊರವರೆಲ್ಲ ಡೆಲ್ಬರ್ಟನ ಗೋಡೆಯ ಮೇಲೇ ಗುಂಪುಗೂಡಿದ್ದರು.

"ಆ ಕಡೆ ಯಾರೂ ಹೋಗ್ಲಿಲ್ವೇನ್ರೋ?" ಆರಿನ್ ಕೂಗಿದ.

ಡೆಲ್ಬರ್ಟನ ಬದಲು ಹಿಡಿ ಹಿಡಿದಿದ್ದ ಊರಿನ ಹುಡುಗ ವರ್ಲಿನ್ ತಲೆ ಕೆರೆದುಕೊಂಡ. "ಅದು ಲಿಯೋಟಾ ಆಂಟೀದು ಅಂತ... ಯಾರೂ ಮುಟ್ಟಲಿಲ್ಲ."

"ಹಂಗಾದ್ರೆ ಅವಳೇ ಎದ್ದು ಬರ್ಬೇಕಾ?" ಎಂದ ಡೆಲ್ಬರ್ಟ್.

"ಬೇಡ ಬೇಡ, ನನ್ ತಮ್ಮನ್ನ ಕಳಿಸ್ತೀನಿ."

ವರ್ಲಿನ್‌ನ ತಮ್ಮ ಕೋಟು ಕಳಚಿ ಹೊರಟ. ಡೆಲ್ಬರ್ಟ್ ಅವನ ಅಗಲ ಕೈಗಳನ್ನು ನೋಡಿದ. ಪೆಟ್ಟಿಗೆಯನ್ನು ನೋಡಿದ.

"ನಿಲ್ಲಪ್ಪಾ. ಅದನ್ನ ನೀನು ಮುಟ್ಬೇಡ."

ಅವನು ಹೊಳೆಯ ಕಡೆಯ ಗೋಡೆಯ ಕಬ್ಬಿಣದ ಏಣಿಗೆ ಕೈ ಹಾಕಿದ್ದನ್ನು ಕಂಡು ನಡೀನ್ ತೋಳು ಹಿಡಿದಳು. "ಅಪ್ಪಾ, ಅಮ್ಮನಿಗೆ ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ ಕಣಮ್ಮ."

ಒಂದೊಂದೇ ಮೆಟ್ಟಿಲಿಗೆ ಉಸಿರು ತೆಗೆದುಕೊಳ್ಳುತ್ತ ಹತ್ತಿದ. ಹೊಳೆಯ ಗೋಡೆಯ ಮೇಲೆ ಅವಳ ಕಾಲು ಸವೆಸಿದ ದುಂಡು ದಾರಿ ಕಲ್ಲಿನಲ್ಲಿ ನುಣ್ಣಗಿತ್ತು. ಹಿಡಿಗೆ ಎದೆಯೊಡ್ಡಿ ಸುತ್ತತೊಡಗಿದ. ಸುತ್ತಿಗೊಮ್ಮೆ ಎದುರುಗೋಡೆ ಕಣ್ಣಿಗೆ ಬೀಳುತ್ತಿತ್ತು, ತನ್ನ ಜಾಗದಲ್ಲಿ ನಿಂತ ವರ್ಲಿನ್ ಬೆರಳುದ್ದ ಕಾಣುತ್ತಿದ್ದ. ಇಷ್ಟು ವರ್ಷ ಅವಳಿಗೆ ತಾನು ಕಂಡದ್ದು ಇಷ್ಟೇ ಏನೋ.

ರೆಕ್ಕೆ ಮುಚ್ಚಿತು. ನೀರು ತುಂಬಿತು. ಪೆಟ್ಟಿಗೆ ಮೆಲ್ಲಗೆ ಏರುತ್ತ ಬಂದು ಅವನ ಬೂಟಿನ ಪಕ್ಕದಲ್ಲಿ ನಿಂತಿತು. ಅವನು ಮುಂದಿನ ಬಾಗಿಲಿಗೆ ನಡೆದು ಅದರ ಈ ಕಡೆಯ ರೆಕ್ಕೆ ತೆರೆದ.

ಅವನನ್ನು ಗೋಡೆಯ ಮೇಲೆ ಬಿಟ್ಟು ದೋಣಿ ಹೊರಟಿತು. ಅವರಿಬ್ಬರೂ ಒಟ್ಟಿಗೆ ಲಾಕು ದಾಟಲಿಲ್ಲ.