ಉಡಿಕಿ ಮಾಲು

ಮಹಾಂತೇಶನ ಬಾಯಿಗೆ ಬೀಗವಿರಲಿಲ್ಲ. ಇಳಕಲ್ಲಿನ ಹೊರಗೆ ರಾಜಮಹ್ಮದರ ಕಾರ್ಖಾನೆಗೆ ಬಂದ ಗಿರಾಕಿಗಳನ್ನು ನಗಿಸಿ ವ್ಯಾಪಾರ ಕುದುರಿಸುವವನು ಅವನೇ. ಗ್ರಾನೈಟ್ ಕ್ವಾರಿಯ ಯಂತ್ರಗಳಲ್ಲಿ ದುಡಿದು ಸವೆದ ಹೈಡ್ರಾಲಿಕ್ ಪಂಪುಗಳು ಇಲ್ಲಿಗೆ ಬರುತ್ತವೆ. ಬಿಚ್ಚಿ, ತೊಳೆದು, ಕೆಟ್ಟ ಭಾಗ ಬದಲಿಸಿ, ಉಳಿದದ್ದನ್ನು ಸರಿಯಾದ ಅಳತೆಗೆ ತಂದು ಮತ್ತೆ ಜೋಡಿಸುತ್ತಾರೆ. ಕೊನೆಗೆ ಸವಿತಾ ಅದನ್ನು ಟೆಸ್ಟ್ ಬೆಂಚಿಗೆ ಕಟ್ಟಿ, ಹೊಸ ಪಂಪಿಗೆ ಕೊಡುವಷ್ಟೇ ಒತ್ತಡ ಕೊಟ್ಟು ನೋಡುತ್ತಾಳೆ. ಅವಳು ಹೂಂ ಅನ್ನದೆ ಒಂದು ಪಂಪೂ ಗೇಟು ದಾಟುವುದಿಲ್ಲ.

ಸವಿತಾಳ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಅವಳನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದು ಮಹಾಂತೇಶ ತಾಯಿಯನ್ನೂ ಒಪ್ಪಿಸಿದ್ದ. ಗಂಡ ಸತ್ತವಳು ಮತ್ತೆ ಮದುವೆಯಾದರೆ ಈ ಸೀಮೆಯಲ್ಲಿ ಅದಕ್ಕೆ ಉಡಿಕಿ ಅನ್ನುತ್ತಾರೆ. ಬಾಸಿಂಗವಿಲ್ಲ, ವಾಲಗವಿಲ್ಲ, ಕತ್ತಲಾದ ಮೇಲೆ ಸೀರೆ ಉಡಿಸಿ ಮುಗಿಸಿಬಿಡುವ ಶಾಸ್ತ್ರ. “ಉಡಿಕಿ ಗಿಡಿಕಿ ಏನೂ ಇಲ್ಲ. ಹಾಡಹಗಲ ಮದುವಿ ಆಗ್ತೇನಿ ನಿನ್ನ,” ಎಂದು ಇವನು ಎದೆ ತಟ್ಟಿಕೊಂಡಿದ್ದ. ಸೋಮವಾರ ಹೇಳ್ತೇನಿ ಅಂದಿದ್ದಳು ಅವಳು. ಇವತ್ತು ಸೋಮವಾರ. ಪುಣ್ಯಾತ್ಮ ಗ್ರೀಸು ಮೆತ್ತುವ ಕೆಲಸಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ.

ಊಟದ ಹೊತ್ತಿಗೆ ಮುಂಚೆ ಹುನಗುಂದದ ಕಡೆಯ ಕ್ವಾರಿ ಮಾಲೀಕ ಗುರಲಿಂಗಪ್ಪ ಬಂದ. ಸಿದ್ಧವಾದ ಪಂಪಿನ ಸುತ್ತ ತಿರುಗಿ, ಬೆರಳಿನಿಂದ ಬಡಿದು, “ಹೊಸಾದೋ ಹಳೇದೋ, ಖರೆ ಹೇಳೋ ತಮ್ಮಾ,” ಎಂದು ಮಹಾಂತೇಶನನ್ನು ಕೇಳಿದ.

“ಉಡಿಕಿ ಮಾಲರೀ ಸಾಹುಕಾರ್ರ! ಒಬ್ಬನ ಮನ್ಯಾಗ ಬಾಳೇವು ಮಾಡಿ ಬಂದೈತಿ. ಹೊಸಾದರಂಗ ಹಟಾ ಮಾಡೂದಿಲ್ಲ, ತಗ್ಗಿ ಬಗ್ಗಿ ದುಡೀತೈತಿ.”

ಗುರಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಲಸಗಾರರೂ ನಕ್ಕರು. ಆ ನಗುವಿನಲ್ಲೇ ತಿರುಗಿದ ಮಹಾಂತೇಶನಿಗೆ ಬೆಂಚಿನ ಹಿಂದೆ ನಿಂತ ಸವಿತಾ ಕಂಡಳು. ಎಂಥಾ ನಾಚಿಕೆಗೇಡಿ ತಾನು ಅನ್ನಿಸಿ, ನೆಲ ಬಾಯಿಬಿಟ್ಟಿದ್ದರೆ ಇಸ್ತ್ರಿ ಅಂಗಿಯ ಸಮೇತ ಇಳಿದುಬಿಡುತ್ತಿದ್ದ.

ಅವಳು ಕೈ ಒರೆಸಿಕೊಳ್ಳುತ್ತ ಬಂದು ಗಿರಾಕಿಗೆ ಮಾತ್ರ ಹೇಳಿದಳು. “ಹೊಸಾದು ತಡಿಯೂವಷ್ಟ ಒತ್ತಡಾ ತಡದೈತ್ರಿ. ಗ್ಯಾರಂಟಿನೂ ಅಷ್ಟ. ತಗ್ಗಿ ಬಗ್ಗಿ ಅಂತೂ ದುಡಿಯೂದಿಲ್ಲ. ಹೊಲಸ ಎಣ್ಣಿ ಹಾಕಿದ್ರ ಕೆಟ್ಟು ಕುಂಡ್ರತೈತಿ.” ಗುರಲಿಂಗಪ್ಪನ ನಗು ಅಡಗಿತು. ಪಂಪನ್ನು ಗಾಡಿಗೆ ಏರಿಸಿಕೊಂಡು ಹೋದ.

ಊಟಕ್ಕೆ ಎಲ್ಲರೂ ಹೊರಗೆ ಹೋದಾಗ ಮಹಾಂತೇಶ ಅವಳ ಹತ್ತಿರ ಹೋದ. ತಲೆ ಎತ್ತಲಾಗಲಿಲ್ಲ.

“ತಪ್ಪಾತು ಸವಿತಾ. ನೀ ಅಲ್ಲಿದ್ದಿ ಅಂತ ಗೊತ್ತಿದ್ರ ಖರೇನ ಆ ಮಾತು ಅಂತಿರಲಿಲ್ಲ.”

ಹೇಳಿ ಮುಗಿಸುವಷ್ಟರಲ್ಲೇ ತಾನು ಏನಂದೆ ಎಂಬುದು ಅವನಿಗೆ ಕೇಳಿಸಿತು. ಅವಳಿಗೂ ಕೇಳಿಸಿತ್ತು.

“ನಾ ಇಲ್ಲದಾಗ ಎಷ್ಟ ಮಂದಿಗೆ ಅಂದಿ?”

ಸುಳ್ಳು ಹೇಳಬಹುದಿತ್ತು. ನಾಲಿಗೆ ಎಂದೂ ತಡವರಿಸದವನಿಗೆ ಅವತ್ತು ಸುಳ್ಳೂ ಬರಲಿಲ್ಲ.

“ಬಂದವರಿಗೆಲ್ಲಾ,” ಅಂದ.

“ಮದುವಿ ಆದಮ್ಯಾಲೂ ಗಿರಾಕಿ ಬರ್ತಾರ ಮಹಾಂತೇಶ,” ಅಂದಳು ಸವಿತಾ, ಬುತ್ತಿ ಬಿಚ್ಚುತ್ತ. “ನನಗ ಬ್ಯಾಡ.”